ಹರಿಹರಪುರದ ಗದ್ದೆಬಯಲಲ್ಲೊಂದು ಹರಾಜು

ಕೊಪ್ಪದ ಬಸ್ ನಿಲ್ದಾಣದಲ್ಲಿ ಶೃಂಗೇರಿ ಬಸ್ಸು ಹತ್ತಿ ಕುಳಿತರೆ ಹರಿಹರಪುರ ಬರಲು ಹೆಚ್ಚು ಹೊತ್ತು ಬೇಡ. ಎರಡೂ ಕಡೆ ಅಡಿಕೆ ತೋಟ, ಏರಿನಲ್ಲಿ ಕಾಫಿ, ನಡುನಡುವೆ ಒಂದಿಷ್ಟು ಕಾಡು. ಮಾರ್ಚ್ ತಿಂಗಳ ಕೊನೆಯ ವಾರವಾದ್ದರಿಂದ ಮಲೆನಾಡು ಎಂಬ ಹೆಸರಿಗೆ ನಾಚಿಕೆಯಾಗುವಷ್ಟು ಬಿಸಿಲಿತ್ತು. ನನ್ನ ಮುಂದಿನ ಸೀಟಿನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಬಂದ ಇಬ್ಬರು ಹುಡುಗರು ಕುಳಿತಿದ್ದರು. ಬಿಟ್ಟುಹೋದ ಪ್ರಶ್ನೆಯ ವಿಚಾರವನ್ನು ಎರಡು ಮಾತಿನಲ್ಲಿ ಮುಗಿಸಿ, ಉಳಿದ ದಾರಿಯೆಲ್ಲಾ ಐಪಿಎಲ್‌ನ ಹೊಸ ಋತುವಿನ ಬಗ್ಗೆ ಮಾತನಾಡಿದರು. ಯಾವ ತಂಡ ಯಾರನ್ನು ಎಷ್ಟು ಕೋಟಿಗೆ ಕೊಂಡಿದೆ ಎಂಬುದು ಅವರಿಗೆ ಮಗ್ಗಿಗಿಂತ ಚೆನ್ನಾಗಿ ಬಾಯಿಪಾಠವಾಗಿತ್ತು.

ಈ ದಾರಿಯಲ್ಲಿ ಹಿಂದೆ ‘ಸಹಕಾರ ಸಾರಿಗೆ’ಯ ಬಸ್ಸುಗಳು ಓಡುತ್ತಿದ್ದವು. ಕೆಲಸ ಕಳೆದುಕೊಂಡ ಬಸ್ ಕಾರ್ಮಿಕರೇ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಸಂಘ ಅದು. ಡ್ರೈವರ್, ಕಂಡಕ್ಟರುಗಳೇ ಪಾಲುದಾರರು. ಸುಮಾರು ಮೂರು ದಶಕ ಮಲೆನಾಡನ್ನು ಹೊತ್ತು ತಿರುಗಿ 2020ರಲ್ಲಿ ಅದು ನಿಂತಿತು. ಹುಡುಗರ ಬಾಯಲ್ಲಿ ‘ಮಾಲೀಕರು’, ‘ಫ್ರಾಂಚೈಸಿ’ ಎಂಬ ಮಾತುಗಳನ್ನು ಕೇಳುತ್ತಾ ನನಗೆ ಆ ಮಾಲೀಕರಿಲ್ಲದ ತಂಡ ನೆನಪಾಯಿತು.

ಹರಿಹರಪುರದಲ್ಲಿ ಇಳಿದವರೆಲ್ಲಾ ಮೊದಲು ಹೋಗುವುದು ಮಠಕ್ಕೆ. ತುಂಗೆಯ ದಂಡೆಯ ಮೇಲೆ ಶಾರದಾ ಲಕ್ಷ್ಮೀನರಸಿಂಹ ಪೀಠವಿದೆ. ಹೊಸದಾಗಿ ಕಟ್ಟಿದ ದೇವಾಲಯಕ್ಕೆ 2022ರ ಏಪ್ರಿಲ್‌ನಲ್ಲಿ ಕುಂಭಾಭಿಷೇಕವಾದ ಮೇಲೆ ಬರುವವರೂ ಹೆಚ್ಚಿದ್ದಾರೆ. ಆದರೆ ಊರಿನ ಕಥೆ ಅದಕ್ಕಿಂತ ಬಹಳ ಹಿಂದಿನದು. ದಕ್ಷಬ್ರಹ್ಮ ಯಜ್ಞ ಮಾಡಿದ್ದು ಇಲ್ಲಿಯೇ ಎನ್ನುತ್ತದೆ ಸ್ಥಳಪುರಾಣ. ಎಲ್ಲ ದೇವತೆಗಳಿಗೂ ಕರೆಯೋಲೆ ಕಳಿಸಿದ ದಕ್ಷ, ಅಳಿಯನಾದ ಶಿವನ ಹೆಸರನ್ನು ಮಾತ್ರ ಪಟ್ಟಿಯಿಂದ ಬಿಟ್ಟ. ಮುಂದೆ ನಡೆದದ್ದು ನಿಮಗೆ ಗೊತ್ತು. ಬಿಟ್ಟುಹೋದ ಆ ಶಿವನೇ ಇಂದು ದಕ್ಷಹರ ಸೋಮೇಶ್ವರನಾಗಿ ಇಲ್ಲಿ ಪೂಜೆಗೊಳ್ಳುತ್ತಿದ್ದಾನೆ. ಪಟ್ಟಿಯಲ್ಲಿ ಹೆಸರಿಲ್ಲದವರ ಸಂಕಟ ಈ ಊರಿಗೆ ಹೊಸದಲ್ಲ ಎಂದು ಆಗ ನಾನು ಯೋಚಿಸಿರಲಿಲ್ಲ. ಆ ಯೋಚನೆ ಬಂದದ್ದು ಅದೇ ಸಂಜೆ.

ನಾನು ಉಳಿದುಕೊಂಡದ್ದು ಊರಿನಿಂದ ತುಸು ಒಳಗಿರುವ ಗೆಳೆಯನೊಬ್ಬನ ಮನೆಯಲ್ಲಿ. ನಾಲ್ಕು ಎಕರೆ ಅಡಿಕೆ, ಒಂದಿಷ್ಟು ಗದ್ದೆ. ಮನೆಯಲ್ಲಿ ಅವನ ತಂದೆ, ಹೆಂಡತಿ, ಒಂಬತ್ತನೆಯ ತರಗತಿಯ ಮಗ, ಆರನೆಯ ತರಗತಿಯ ಮಗಳು. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಹುಡುಗ, ‘ಅಪ್ಪಯ್ಯಾ, ಹೊತ್ತಾಯ್ತು’ ಎಂದು ಅವಸರ ಮಾಡತೊಡಗಿದ. ಎಂತ ಅವಸರ ಎಂದು ಕೇಳಿದೆ. ‘ಇವತ್ತು ಹರಾಜು ಉಂಟು ಮಾಮ!’ ಎಂದ.

ಅಡಿಕೆಯ ಹರಾಜಲ್ಲ, ಆಟಗಾರರ ಹರಾಜು. ಕೊಯ್ಲು ಮುಗಿದು ಗದ್ದೆ ಒಣಗಿದ ಮೇಲೆ ಮಲೆನಾಡಿನ ಬಯಲುಗಳೆಲ್ಲಾ ಕ್ರಿಕೆಟ್ ಮೈದಾನಗಳಾಗುವುದು ಹಳೆಯ ಸಂಗತಿ. ಗದ್ದೆಯ ಬದುವೇ ಬೌಂಡರಿ, ತೋಟಕ್ಕೆ ಹೊಡೆದರೆ ಔಟ್. ಚೆಂಡು ಹುಡುಕುವ ಕೆಲಸ ಯಾರಿಗೂ ಬೇಡವಲ್ಲ! ಈಗಿನ ಹೊಸತೆಂದರೆ ಊರೂರಿನಲ್ಲಿಯೂ ಒಂದೊಂದು ‘ಪ್ರೀಮಿಯರ್ ಲೀಗ್’. ಇಲ್ಲಿ ನಾಲ್ಕು ತಂಡ, ನಾಲ್ವರು ಮಾಲೀಕರು. ಒಬ್ಬರು ದಿನಸಿ ಅಂಗಡಿಯವರು, ಒಬ್ಬರು ಅಡಿಕೆ ವ್ಯಾಪಾರಿ, ಒಬ್ಬ ಜೀಪಿನವನು, ಒಬ್ಬ ಗ್ಯಾರೇಜಿನವನು. ಹಣದ ವ್ಯವಹಾರ ಬೇಡವೆಂದು ಹಿರಿಯರು ಷರತ್ತು ಹಾಕಿದ್ದರಿಂದ ತಂಡಕ್ಕೆ ಸಾವಿರ ಪಾಯಿಂಟು. ಅದರಲ್ಲೇ ಹನ್ನೊಂದು ಜನರನ್ನು ಕೊಳ್ಳಬೇಕು.

ಅಂಗಡಿಯ ಜಗುಲಿಯ ಮೇಲೆ ಹರಾಜು ನಡೆಯಿತು. ಕೂಗುವವನಿಗೆ ಅಡಿಕೆ ಮಂಡಿಯ ಅನುಭವವಿತ್ತು. ‘ಎಡಗೈ ಬೌಲರ್, ನೂರು ಪಾಯಿಂಟ್, ನೂರಾಹತ್ತು, ನೂರಾಹತ್ತು...’ ಬೆಂಚಿನ ಮೇಲೆ ಸಾಲಾಗಿ ಕುಳಿತ ಹುಡುಗರು ತಮ್ಮ ತಮ್ಮ ಬೆಲೆಯನ್ನು ತಾವೇ ಕೇಳಿಸಿಕೊಳ್ಳುತ್ತಿದ್ದರು. ನೂರೈವತ್ತಕ್ಕೆ ಹೋದವನ ಮುಖ ಅರಳಿತು. ಹತ್ತಕ್ಕೆ ಹೋದವನು ನಕ್ಕಂತೆ ಮಾಡಿ ಚಪ್ಪಲಿ ನೋಡಿಕೊಂಡ. ನಮ್ಮ ಹುಡುಗನ ಹೆಸರು ಕೊನೆಗೆ ಬಂತು. ‘ಐದು ಪಾಯಿಂಟ್. ಯಾರಾದರೂ? ಐದು...’ ಯಾರೂ ಮಾತನಾಡಲಿಲ್ಲ. ಎಲ್ಲ ತಂಡಗಳೂ ತುಂಬಿಹೋಗಿದ್ದವು.

ಮನೆಗೆ ಬರುವ ದಾರಿಯಲ್ಲಿ ಅವನು ಟಾರ್ಚು ಹಿಡಿದು ಎಲ್ಲರಿಗಿಂತ ಮುಂದೆ ನಡೆದ. ಊಟಕ್ಕೆ ಕುಳಿತಾಗ ಸಾರಿನಲ್ಲಿ ಬೆರಳಾಡಿಸುತ್ತಿದ್ದನೇ ಹೊರತು ಉಣ್ಣಲಿಲ್ಲ. ಗೆಳೆಯ, ‘ಹೋಗ್ಲಿ ಬಿಡೋ, ಓದು ಮುಂದುವರಿಸಲಿಕ್ಕೆ ಒಳ್ಳೇದೇ ಆಯ್ತು’ ಎಂದ. ಸಮಾಧಾನ ಹೇಳಲು ಹೋಗಿ ಗಾಯದ ಮೇಲೆ ಉಪ್ಪು ಹಾಕಿದಂತಾಯಿತು. ಆಗ ಒಳಗಿದ್ದ ಅಜ್ಜಯ್ಯ ಕೇಳಿದರು:

‘ಮಾಣಿ, ನಮ್ಮಲ್ಲಿ ಅಡಿಕೆಗೆ ಎಷ್ಟು ಜಾತಿ ಹೇಳು?’

‘ಹಸ, ಬೆಟ್ಟೆ, ರಾಶಿ, ಗೊರಬಲು.’

‘ಗೊರಬಲಿಗೂ ಮಂಡಿಯಲ್ಲಿ ಒಂದು ರೇಟು ಉಂಟು. ನಿಂಗೆ ಅದೂ ಬರ್ಲಿಲ್ಲ ಅಂದ್ರೆ ಎಂತ ಅರ್ಥ? ನೀನು ಅಡಿಕೆ ಅಲ್ಲ ಅಂತ, ಅಷ್ಟೇ. ಉಣ್ಣು.’

ಎಲ್ಲರೂ ನಕ್ಕರು. ಹುಡುಗನೂ ಸ್ವಲ್ಪ ನಕ್ಕ.

ಮರುದಿನ ಬೆಳಿಗ್ಗೆ ಅವನೂ ಅವನ ತಂಗಿಯೂ ನನ್ನನ್ನು ಹೊಳೆಗೆ ಕರೆದುಕೊಂಡು ಹೋದರು. ಬೇಸಿಗೆಯ ತುಂಗೆ ಬಂಡೆಗಳ ನಡುವೆ ತೆಳ್ಳಗೆ ಹರಿಯುತ್ತಿದ್ದಳು. ಗಂಗಾಮೂಲದಲ್ಲಿ ಹುಟ್ಟಿ, ಶೃಂಗೇರಿ ದಾಟಿ ಇಲ್ಲಿಗೆ ಬರುವ ಈ ನೀರು ಮುಂದೆ ತೀರ್ಥಹಳ್ಳಿ, ಶಿವಮೊಗ್ಗಗಳನ್ನು ಕಂಡು ಕೂಡಲಿಯಲ್ಲಿ ಭದ್ರೆಯನ್ನು ಸೇರುತ್ತದೆ. ನೀರಿಗೆ ಕಾಲಿಳಿಸಿ ಕುಳಿತು ಅವನಿಗೆ ಇನ್ನೊಂದು ಹರಾಜಿನ ಕಥೆ ಹೇಳಿದೆ.

2011ರ ಜನವರಿಯಲ್ಲಿ ಬೆಂಗಳೂರಿನಲ್ಲಿಯೇ ಐಪಿಎಲ್ ಹರಾಜು ನಡೆಯಿತು. ಕ್ರಿಸ್ ಗೇಲ್ ಹೆಸರು ಕೂಗಿದಾಗ ಯಾವ ತಂಡವೂ ಕೈ ಎತ್ತಲಿಲ್ಲ. ಋತುವಿನ ನಡುವೆ ಆರ್‌ಸಿಬಿಯ ಬೌಲರ್ ಡರ್ಕ್ ನ್ಯಾನಸ್ ಗಾಯಗೊಂಡಾಗ ಬದಲಿಗೆ ಗೇಲ್‌ಗೆ ಕರೆ ಹೋಯಿತು. ಬಂದ ಮೊದಲ ಪಂದ್ಯದಲ್ಲೇ, ಏಪ್ರಿಲ್ 22ರಂದು ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ, ಔಟಾಗದೆ 102. ಆ ಋತುವಿನಲ್ಲಿ 12 ಪಂದ್ಯಗಳಿಂದ 608 ರನ್. ಎಲ್ಲರಿಗಿಂತ ಹೆಚ್ಚು ಅವರದೇ. ಹನ್ನೊಂದು ವರ್ಷಗಳ ನಂತರ ಇದೇ ಕಥೆ ಮತ್ತೊಮ್ಮೆ ನಡೆಯಿತು. 2022ರ ಹರಾಜಿನಲ್ಲಿ ಯಾರಿಗೂ ಬೇಡವಾದ ರಜತ್ ಪಾಟೀದಾರ್, ನಮ್ಮ ಕರ್ನಾಟಕದ ಲವನೀತ್ ಸಿಸೋಡಿಯಾ ಗಾಯಗೊಂಡದ್ದರಿಂದ ಆರ್‌ಸಿಬಿಗೆ ಬಂದರು. ಅದೇ ಈಡನ್ ಗಾರ್ಡನ್ಸ್‌ನಲ್ಲಿ, ಸೋತರೆ ಮನೆಗೆ ಎನ್ನುವ ಪಂದ್ಯದಲ್ಲಿ, 54 ಚೆಂಡುಗಳಲ್ಲಿ ಔಟಾಗದೆ 112 ರನ್ ಹೊಡೆದರು. 2008ರಿಂದ ಕಾದು ಕುಳಿತಿದ್ದ ಆರ್‌ಸಿಬಿ ಕೊನೆಗೂ 2025ರ ಜೂನ್ 3ರಂದು ಕಪ್ ಗೆದ್ದಾಗ, ಅದನ್ನು ಎತ್ತಿ ಹಿಡಿದ ನಾಯಕ ಈ ಪಾಟೀದಾರರೇ.

‘ಹಾಗಾದ್ರೆ ಜಾಸ್ತಿ ರೇಟಿಗೆ ಹೋದವ್ರು?’ ಎಂದು ಕೇಳಿದ.

ಅದಕ್ಕೂ ನಮ್ಮವರದೇ ಉದಾಹರಣೆಯಿದೆ. 2021ರ ಹರಾಜಿನಲ್ಲಿ ಕೆ. ಗೌತಮ್ ಅವರನ್ನು ಚೆನ್ನೈ ತಂಡ 9.25 ಕೋಟಿ ರೂಪಾಯಿಗೆ ಕೊಂಡಿತು. ಆ ಋತುವಿನಲ್ಲಿ ತಂಡ ಕಪ್ಪನ್ನೂ ಗೆದ್ದಿತು. ಗೌತಮ್‌ಗೆ ಆಡಲು ಸಿಕ್ಕ ಪಂದ್ಯಗಳು ಸೊನ್ನೆ. 2019ರ ಕರ್ನಾಟಕ ಪ್ರೀಮಿಯರ್ ಲೀಗ್‌ನಲ್ಲಿ ಶಿವಮೊಗ್ಗ ತಂಡದ ವಿರುದ್ಧ ಒಂದೇ ಪಂದ್ಯದಲ್ಲಿ 134 ರನ್ ಹೊಡೆದು 8 ವಿಕೆಟ್ ಕಿತ್ತ ಆಟಗಾರ ಅವರು. ಬೆಲೆ ಎನ್ನುವುದು ಆ ದಿನ ಕೊಳ್ಳುವವನ ಕಿಸೆಯಲ್ಲಿ ಎಷ್ಟು ಉಳಿದಿದೆ, ಅವನಿಗೆ ಏನು ಬೇಕಾಗಿದೆ ಎಂಬುದರ ಲೆಕ್ಕ. ಅಡಿಕೆ ಬೆಳೆಗಾರನ ಮಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಅಷ್ಟು ಹೊತ್ತು ಸುಮ್ಮನೆ ಕಲ್ಲು ಎಸೆಯುತ್ತಿದ್ದ ತಂಗಿ, ‘ಅಣ್ಣನ ಹೆಸರು ಕರೆದ್ರಾದ್ರೂ ಕರೆದ್ರು. ನನ್ನ ಹೆಸರು ಬರ್ಕೊಳ್ಳೇ ಇಲ್ಲ’ ಎಂದಳು. ಮನೆಯಂಗಳದಲ್ಲಿ ಅಣ್ಣನಿಗೆ ಬೌಲಿಂಗ್ ಮಾಡುವವಳು ಅವಳೇ. ನಮ್ಮಲ್ಲಿ ಯಾರಿಗೂ ಅದು ಹೊಳೆದಿರಲಿಲ್ಲ ಎಂದು ಒಪ್ಪಿಕೊಳ್ಳಬೇಕಾಯಿತು. ಅವಳಿಗೆ ನಮ್ಮದೇ ಜಿಲ್ಲೆಯ ಕಡೂರಿನ ವೇದಾ ಕೃಷ್ಣಮೂರ್ತಿಯವರ ವಿಷಯ ಹೇಳಿದೆ. 2011ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ ಭಾರತಕ್ಕೆ ಆಡಿದವರು. 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 45 ಚೆಂಡುಗಳಲ್ಲಿ 70 ರನ್ ಹೊಡೆದು, ಫೈನಲ್‌ನಲ್ಲೂ ಆಡಿದರು. ಮಹಿಳೆಯರ ಪ್ರೀಮಿಯರ್ ಲೀಗ್ 2023ರಲ್ಲಿ ಶುರುವಾದಾಗ ಯಾವ ತಂಡದಲ್ಲಿಯೂ ಅವರ ಹೆಸರಿರಲಿಲ್ಲ. ಮರುವರ್ಷದ ಋತುವಿಗೆ ಗುಜರಾತ್ ತಂಡ 30 ಲಕ್ಷ ರೂಪಾಯಿಗೆ ಕರೆಯಿತು. 2025ರಲ್ಲಿ ಆಟಕ್ಕೆ ವಿದಾಯ ಹೇಳಿದರು.

ಇಷ್ಟು ಹೇಳಿ ಸುಮ್ಮನಾದರೆ ಮಕ್ಕಳಿಗೆ ಸುಳ್ಳು ಆಸೆ ಹುಟ್ಟಿಸಿದಂತಾಗುತ್ತದೆ. ಸಂಜೆ ಗೆಳೆಯನ ಜೊತೆ ಕುಳಿತು ಉಳಿದ ಲೆಕ್ಕವನ್ನೂ ಹಾಕಿದೆವು. 2024ರ ನವೆಂಬರ್‌ನಲ್ಲಿ ಜೆಡ್ಡಾದಲ್ಲಿ ನಡೆದ ಐಪಿಎಲ್ ಹರಾಜಿಗೆ ಹೆಸರು ಕೊಟ್ಟವರು 1,574 ಜನ. ಅಂತಿಮ ಪಟ್ಟಿಗೆ ಬಂದವರು 577. ಮಾರಾಟವಾದವರು 182. ಪಟ್ಟಿಗೆ ಬಂದವರಲ್ಲೂ ಉಳಿದುಹೋದವರೇ ಹೆಚ್ಚು, ಅವರೆಲ್ಲಾ ತಂತಮ್ಮ ಊರಿನಲ್ಲಿ ಹೀರೋಗಳು! ಅಲ್ಲಿಗೆ ಹೋಗುವ ಏಣಿಯೂ ಉದ್ದ. ಶಾಲೆ, ವಲಯ, ಹದಿನಾರು ವರ್ಷದೊಳಗಿನವರ ತಂಡ, ಹತ್ತೊಂಬತ್ತು ವರ್ಷದೊಳಗಿನವರ ತಂಡ, ರಾಜ್ಯ ತಂಡ. 2009ರಲ್ಲಿ ಶುರುವಾದ ಕರ್ನಾಟಕ ಪ್ರೀಮಿಯರ್ ಲೀಗ್ 2019ರ ಬೆಟ್ಟಿಂಗ್ ಹಗರಣದಲ್ಲಿ ಮುಳುಗಿತು. ಅದರ ಜಾಗದಲ್ಲಿ 2022ರಿಂದ ಮಹಾರಾಜ ಟ್ರೋಫಿ ಬಂದಿದೆ. ಅದರಲ್ಲಿ ನಮಗೆ ಹತ್ತಿರದ ತಂಡ ಶಿವಮೊಗ್ಗ ಲಯನ್ಸ್. 2024ರಲ್ಲಿ ಆ ತಂಡಕ್ಕೆ ಆಡಿ 52 ಸಿಕ್ಸರ್ ಎತ್ತಿದ ಅಭಿನವ್ ಮನೋಹರ್ ಅವರನ್ನು ಅದೇ ಜೆಡ್ಡಾ ಹರಾಜಿನಲ್ಲಿ ಹೈದರಾಬಾದ್ ತಂಡ 3.20 ಕೋಟಿಗೆ ಕೊಂಡಿತು. ಏಣಿ ಇರುವುದು ನಿಜ. ಆದರೆ ಶಿವಮೊಗ್ಗದ ಹೆಸರಿನ ತಂಡವಿದ್ದರೂ 2025ರವರೆಗಿನ ನಾಲ್ಕು ಋತುಗಳೂ ನಡೆದದ್ದು ಬೆಂಗಳೂರು, ಮೈಸೂರುಗಳಲ್ಲಿ. ಅದೂ ಆಗಸ್ಟ್ ತಿಂಗಳಲ್ಲಿ, ನಮ್ಮ ಗದ್ದೆಗಳಲ್ಲಿ ನೀರು ನಿಂತಿರುವಾಗ.

‘ಹಾಗಾದ್ರೆ ಇವನನ್ನ ಬೆಂಗಳೂರಿಗೆ ಕೋಚಿಂಗಿಗೆ ಹಾಕೋದಾ, ಬೇಡವಾ?’ ಎಂದು ಗೆಳೆಯ ಕೇಳಿದ. ಹುಡುಗನ ತಾಯಿ ಒಳಗಿನಿಂದಲೇ ಬೇಡವೆಂದರು. ಕಪ್ ಬಂದ ಮರುದಿನ, 2025ರ ಜೂನ್ 4ರಂದು, ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ ಹನ್ನೊಂದು ಜನ ಸತ್ತದ್ದನ್ನು ಆಕೆ ಮರೆತಿಲ್ಲ. ‘ಅವರೂ ಯಾರದೋ ಮನೆ ಮಕ್ಕಳಲ್ದಾ?’ ಎಂದರು. ನಮ್ಮಿಬ್ಬರಲ್ಲೂ ಉತ್ತರವಿರಲಿಲ್ಲ. ಕೊನೆಗೆ ಒಂದು ತೀರ್ಮಾನಕ್ಕೆ ಬಂದೆವು. ಶಾಲೆಯ ತಂಡಕ್ಕೆ, ವಲಯದ ಆಯ್ಕೆಗೆ ಪ್ರತಿ ವರ್ಷ ಕಳಿಸುವುದು. ಓದು ಬಿಡಿಸುವುದಿಲ್ಲ, ಬ್ಯಾಟನ್ನೂ ಕಸಿಯುವುದಿಲ್ಲ. ಮಗಳ ಹೆಸರನ್ನೂ ಬರೆಸುವುದು.

ಭಾನುವಾರ ಗದ್ದೆಬಯಲಲ್ಲಿ ಲೀಗ್ ಶುರುವಾಯಿತು. ಎಂಟು ಓವರಿನ ಪಂದ್ಯಗಳು. ನಮ್ಮ ಹುಡುಗ ತೆಂಗಿನ ಮರದ ನೆರಳಲ್ಲಿ ಕುಳಿತು ಸ್ಕೋರು ಬರೆಯುತ್ತಿದ್ದ. ಎರಡನೆಯ ಪಂದ್ಯದ ಮೊದಲ ಓವರಿನಲ್ಲಿ ಯಾರೋ ‘ತ್ರೀಫೇಸ್ ಬಂತು!’ ಎಂದು ಕೂಗಿದರು. ಗ್ಯಾರೇಜಿನವನ ತಂಡದ ನೂರೈವತ್ತು ಪಾಯಿಂಟಿನ ಆಟಗಾರ ಪಂಪು ಹಾಕಲು ತೋಟಕ್ಕೆ ಓಡಿಬಿಟ್ಟ. ಕರೆಂಟು ಮತ್ತೆ ಯಾವಾಗ ಬರುತ್ತದೋ! ಮಾಲೀಕ ಸುತ್ತಲೂ ನೋಡಿ, ‘ಬಾರೋ ನೀನು’ ಎಂದ. ಸ್ಕೋರು ಪುಸ್ತಕವನ್ನು ತಂಗಿಯ ಕೈಗೆ ಕೊಟ್ಟು ಹುಡುಗ ಬದು ಹಾರಿದ.

ಅವನೇನೂ ಗೇಲ್ ಆಗಲಿಲ್ಲ. ಒಂದು ಕ್ಯಾಚು ಬಿಟ್ಟ. ಬದುವಿನ ಹತ್ತಿರ ಬಿದ್ದು ಒಂದು ಬೌಂಡರಿ ತಡೆದ, ಮೊಣಕೈ ತರಚಿತು. ಕೊನೆಗೆ ಬ್ಯಾಟಿಂಗ್‌ಗೆ ಇಳಿದು ನಾಲ್ಕು ರನ್ ಮಾಡಿ ಔಟಾಗದೆ ಉಳಿದ. ತಂಡ ಮೂರು ರನ್ನಿನಿಂದ ಸೋತಿತು. ಮನೆಗೆ ಹೋಗುವಾಗ ಆ ನಾಲ್ಕು ರನ್ನನ್ನು ಅವನು ನನಗೆ ನಾಲ್ಕು ಸಲ ವಿವರಿಸಿದ.

ಅಂದು ರಾತ್ರಿ ಅಂಗಡಿಯ ಟಿವಿಯಲ್ಲಿ ಐಪಿಎಲ್ ಪಂದ್ಯ ನೋಡಲು ಅರ್ಧ ಊರೇ ಸೇರಿತ್ತು. ಟಿವಿಯ ಪಕ್ಕದ ಗೋಡೆಗೆ ಊರ ಲೀಗಿನ ಪಟ್ಟಿ ಅಂಟಿಸಿದ್ದರು. ಹೆಸರು, ಎದುರಿಗೆ ಪಾಯಿಂಟು. ಗ್ಯಾರೇಜಿನವನ ತಂಡದ ಕೆಳಗೆ ಯಾರೋ ಪೆನ್ಸಿಲಿನಲ್ಲಿ ಹನ್ನೆರಡನೆಯ ಹೆಸರೊಂದನ್ನು ಸೇರಿಸಿದ್ದರು. ಎದುರಿನ ಅಂಕಣದಲ್ಲಿ ಏನನ್ನೂ ಬರೆದಿರಲಿಲ್ಲ. ಹುಡುಗ ಅದನ್ನು ಎರಡು ಸಲ ಓದಿ ಬಂದು, ಬೆಂಚಿನ ತುದಿಯಲ್ಲಿ ಕುಳಿತು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟತೊಡಗಿದ.