ಬಿಸಿಲು ಪುಕ್ಕಟೆ, ನೆರಳು ಯಾರದು?

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಕೈ ತೊಳೆಯುವ ಹೊತ್ತಿಗೆ ಅಮೆರಿಕದಿಂದ ಮಗನ ಫೋನು.

“ಅಪ್ಪಾ, ಥಾಯ್ಲೆಂಡ್ ವಿಷ್ಯ ಓದಿದ್ಯಾ? ಐವತ್ತು ದಾಟಿದೋರಿಗೆ ನಿವೃತ್ತಿ ವೀಸಾನೇ ಬೇರೆ ಇದೆ. ಬ್ಯಾಂಕಲ್ಲಿ 8 ಲಕ್ಷ ಬಾತ್ ತೋರಿಸಿದ್ರೆ ಸಾಕು. ಪನಾಮಾ ಆದ್ರೆ ತಿಂಗಳಿಗೆ 1,000 ಡಾಲರ್ ಪಿಂಚಣಿ ಇದ್ರಾಯ್ತು. ಬೆಚ್ಚಗಿರತ್ತೆ, ಖರ್ಚೂ ಕಮ್ಮಿ.”

ಬ್ಯಾಂಕಿನ ಕೆಲಸದಿಂದ ನಿವೃತ್ತನಾಗಿ ವರ್ಷ ಕಳೆದಿತ್ತು. ಚಳಿ ಬಿದ್ದರೆ ಮಂಡಿ ನೋವು, ಬೆಂಗಳೂರಿನ ಖರ್ಚು ನೋಡಿದರೆ ತಲೆನೋವು. ಹಾಗಾಗಿ ಮಗನ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಪಕ್ಕದಲ್ಲಿ ಕಾಫಿ ಆರಿಸುತ್ತಿದ್ದ ಹೆಂಡತಿ ಮಾತ್ರ, “ಬೆಚ್ಚಗಿರೋಕೆ ಸಮುದ್ರ ಯಾಕೆ ದಾಟ್ಬೇಕು? ಪಾವಗಡದವರೆಗೆ ಹೋದ್ರೆ ಸಾಲದಾ?” ಅಂದಳು. ತಮಾಷೆಗೆ ಅಂದ ಮಾತು. ನಾವು ಹೊರಟದ್ದೂ ಅತ್ತ ಕಡೆಗೇ. ಕೊರಟಗೆರೆ, ಮಧುಗಿರಿ, ಪಾವಗಡ, ಶಿರಾ: ಮಾರ್ಚ್ ತಿಂಗಳ ಮೂರು ದಿನ, ನಾಲ್ಕು ತಾಲ್ಲೂಕು.

ಕೊರಟಗೆರೆಯ ಹಾದಿಯಲ್ಲಿ ಬಂಡೆಗಳು ಒಂದರ ಮೇಲೊಂದು ಕೂತು ಹರಟೆ ಹೊಡೆಯುವಂತೆ ಕಾಣುತ್ತವೆ. ದೇವರಾಯನದುರ್ಗದಲ್ಲಿ ಹುಟ್ಟಿದ ಜಯಮಂಗಲಿ ಈ ಕಡೆಯೇ ಹರಿದು ಪಿನಾಕಿನಿಯನ್ನು ಸೇರಬೇಕು. ನಾವು ನೋಡಿದಾಗ ಹೊಳೆಯಲ್ಲಿ ಮರಳೇ ಹೆಚ್ಚು, ನೀರು ನೆಪಕ್ಕೆ. ಸಿದ್ಧರಬೆಟ್ಟದ ಮೆಟ್ಟಿಲ ಮೇಲೆ ನಮ್ಮ ವಯಸ್ಸಿನವರೇ ಕೋಲೂರಿಕೊಂಡು ಹತ್ತುತ್ತಿದ್ದರು. ಮೂಲಿಕೆಗಳಿಗೆ ಹೆಸರಾದ ಬೆಟ್ಟ. ಸಿದ್ಧರು ಇಲ್ಲಿ ತಪಸ್ಸಿಗೆ ಕೂತಿದ್ದರೆಂದು ಜನರ ನಂಬಿಕೆ. ಊರು ಬಿಟ್ಟು ಬಂದು, ಕಡಿಮೆ ಖರ್ಚಿನಲ್ಲಿ, ಬೆಚ್ಚಗಿನ ಜಾಗದಲ್ಲಿ ನೆಲೆ ನಿಂತವರಲ್ಲಿ ಅವರೇ ಮೊದಲಿಗರಿರಬೇಕು ಅಂದುಕೊಂಡೆ. ಅವರನ್ನು ಯಾರೂ ಬ್ಯಾಂಕ್ ಪಾಸ್‌ಬುಕ್ ಕೇಳಿರಲಾರರು.

ಸಂಜೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ. ಒಣಹುಲ್ಲಿನ ಬಯಲು, ಅದರಂಚಿಗೆ ತಿರುಚಿದ ಕೋಡಿನ ಕೃಷ್ಣಮೃಗಗಳು. 2007ರಲ್ಲಿ ಇದನ್ನು ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವೆಂದು ಘೋಷಿಸಿದ್ದಾರೆ. ಒಂದು ಗಂಡು ನಮ್ಮನ್ನು ದಿಟ್ಟಿಸಿ ನೋಡಿತು. ಮರುಗಳಿಗೆ ಹಿಂಡಿಗೆ ಹಿಂಡೇ ನೆಲದಿಂದ ಪುಟಿದೆದ್ದು ಗಾಳಿಯಲ್ಲಿ ತೇಲಿಹೋಯಿತು. ಹೆಂಡತಿ ತೆರೆದ ಬಾಯಿ ಮುಚ್ಚಲಿಲ್ಲ; ನಾನೂ ಅಷ್ಟೆ.

ಮಾರನೆಯ ಬೆಳಿಗ್ಗೆ ಮಧುಗಿರಿ ಬೆಟ್ಟ. ಹಳಬರ ಬಾಯಲ್ಲಿ ಇದು ಇನ್ನೂ ಮದ್ದಗಿರಿಯೇ. 3,930 ಅಡಿ ಎತ್ತರದ ಈ ಬೆಟ್ಟ ಒಂದೇ ಕಲ್ಲು ಅನ್ನುವುದು ಬುಡದಲ್ಲಿ ನಿಂತು ಕತ್ತೆತ್ತಿದಾಗಲೇ ಮನಸ್ಸಿಗೆ ಇಳಿಯುವುದು. ಮೊದಲಿಗೆ ಮೆಟ್ಟಿಲಿವೆ, ಆಮೇಲೆ ಕಲ್ಲಿನಲ್ಲೇ ಕಡಿದ ಗುಳಿಗಳು. ಕೆಲವದರಲ್ಲಿ ಅರ್ಧ ಪಾದವೂ ನಿಲ್ಲದು. ಕಬ್ಬಿಣದ ಕಂಬಿ ಹಿಡಿದು, ಹಿಂದಕ್ಕೆ ನೋಡದೆ, ಉಸಿರೆಣಿಸುತ್ತ ಅರ್ಧದವರೆಗೆ ಹೋದೆ. ಮುಂದಿನದನ್ನು ಮಂಡಿ ಒಪ್ಪಲಿಲ್ಲ. ಕೋಟೆಯ ಗೋಡೆಗೊರಗಿ ಕೂತೆ. ಕೆಳಗೆ ಮಲ್ಲೇಶ್ವರ, ವೆಂಕಟರಮಣ ಗುಡಿಗಳ ಗೋಪುರಗಳು ಆಟಿಕೆಯಂತೆ ಕಂಡವು.

ಇದೇ ಕಲ್ಲಿನ ಮೇಲೆ ಒಬ್ಬ ರಾಣಿ ಬಿಸಿಲು ಕಾದಿದ್ದಳು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ, ಕೆಳದಿಯ ರಾಣಿ ವೀರಮ್ಮಾಜಿಯನ್ನು ದತ್ತುಮಗನೊಂದಿಗೆ ಇಲ್ಲಿ ಸೆರೆಯಿಟ್ಟ. ಮಲೆನಾಡಿನ ಮಳೆ, ಅಡಿಕೆ ತೋಟದ ನೆರಳು ಕಂಡ ಜೀವಕ್ಕೆ ಈ ಬೋಳುಬಂಡೆಯ ಕಾವು ಹೇಗಿದ್ದೀತು? 1767ರಲ್ಲಿ ಪೇಶ್ವೆ ಮಾಧವರಾಯ ಮಧುಗಿರಿ ಹಿಡಿದಾಗ ಅವಳಿಗೆ ಬಿಡುಗಡೆಯಾಯಿತು. ಪುಣೆಗೆ ಹೊರಟವಳು ದಾರಿಯಲ್ಲೇ ತೀರಿಕೊಂಡಳು. ನನ್ನ ಮಂಡಿಗೆ ಹಿತವಾಗಿದ್ದ ಬೆಳಗಿನ ಬಿಸಿಲು ಅವಳಿಗೆ ಸೆರೆಮನೆಯ ಗೋಡೆಯಾಗಿತ್ತು. ಬೆಚ್ಚಗಿನ ಊರು ಅನ್ನುವ ಮಾತಿನ ಮೇಲೆ ಮೊದಲ ಅನುಮಾನ ಬಂದದ್ದು ಅಲ್ಲಿ.

ಪಾವಗಡಕ್ಕೆ ಇಳಿದಾಗ ಮಟಮಟ ಮಧ್ಯಾಹ್ನ. ಮೂರು ಕಡೆ ಆಂಧ್ರ ಸುತ್ತುವರಿದ ತಾಲ್ಲೂಕು. ಅಂಗಡಿಯಲ್ಲಿ ಕನ್ನಡದಲ್ಲಿ ಶುರುವಾದ ಚೌಕಾಸಿ ತೆಲುಗಿನಲ್ಲಿ ಮುಗಿಯುತ್ತದೆ. ಶನಿಮಹಾತ್ಮನ ಗುಡಿಯಲ್ಲಿ ಕೈಮುಗಿದು ತಿರುಮಣಿಯ ಕಡೆ ಹೊರಟೆವು. ದಿಣ್ಣೆ ಹತ್ತುತ್ತಿದ್ದಂತೆ ಹೆಂಡತಿ, “ಅಗೋ, ಕೆರೆ ತುಂಬಿದೆ!” ಎಂದು ಕೂಗಿದಳು. ನನಗೂ ಹಾಗೇ ಕಂಡಿತು. ಹತ್ತಿರ ಹೋದರೆ ನೀರಲ್ಲ, ಕಣ್ಣು ಹೋದಷ್ಟು ದೂರ ಸೌರ ಫಲಕಗಳು, ಎಲ್ಲವೂ ಸೂರ್ಯನಿಗೆ ಮುಖವೊಡ್ಡಿ ನಿಂತಿದ್ದವು. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಬರಗಾಲಕ್ಕೆ, ಬಾವಿಯ ಫ್ಲೋರೈಡ್ ನೀರಿಗೆ ಹೆಸರಾಗಿದ್ದ ಸೀಮೆ ಈಗ ಬಿಸಿಲನ್ನೇ ಬೆಳೆಯುತ್ತಿದೆ.

ಜಮೀನು ರೈತರದೇ, ಮಾರಿಲ್ಲ, 28 ವರ್ಷಕ್ಕೆ ಗುತ್ತಿಗೆ ಕೊಟ್ಟಿದ್ದಾರೆ. ಶುರುವಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ನನ್ನೊಳಗಿನ ಬ್ಯಾಂಕಿನವನು ಕೂಡಲೇ ಲೆಕ್ಕ ಹಾಕಿದ: ಇದು ಪಿಂಚಣಿಯೇ, ಸಂಶಯವಿಲ್ಲ. ಟೀ ಅಂಗಡಿಯ ಕಲ್ಲುಬೆಂಚಿನ ಮೇಲೆ ಕೂತಿದ್ದ ಹಿರಿಯರೊಬ್ಬರನ್ನು ಕೇಳಿದೆ. ಅವರದೂ ಐದೆಕರೆ ಒಳಗಿದೆಯಂತೆ.

“ಮಳೆ ಬತ್ತದೋ ಇಲ್ವೋ ಅಂತ ಮ್ಯಾಲ್ಕೆ ನೋಡಂಗಿಲ್ಲ ಸಾ. ದುಡ್ ಬತ್ತದೆ. ಆದ್ರೆ ಬೆಳಗಾನ ಎದ್ರೆ ಎಲ್ಲಿಗ್ ಹೋಗ್ಬೇಕು ಅಂತ್ಲೇ ತಿಳಿಯಲ್ಲ.” ಸ್ವಲ್ಪ ಹೊತ್ತು ಬಿಟ್ಟು ಸೇರಿಸಿದರು: “ನಮ್ ಹೊಲ್ದಾಗೆ ಕಡ್ಲೇಕಾಯಿ ಕೀಳಕ್ ಬತ್ತಿದ್ರಲ್ಲ, ಅವ್ರಿಗೆ ಆ ದುಡ್ಡೂ ಇಲ್ಲ.”

ನಿವೃತ್ತಿಯ ಮರುದಿನ ನಾನೂ ಒಂಬತ್ತು ಗಂಟೆಗೆ ಇಸ್ತ್ರಿ ಅಂಗಿ ತೊಟ್ಟು, ಚಪ್ಪಲಿ ಮೆಟ್ಟಿ, ಬಾಗಿಲಲ್ಲಿ ನಿಂತುಬಿಟ್ಟಿದ್ದೆ. ಅದನ್ನು ಹೇಳಿದೆ. ಅವರು ನಕ್ಕು ನನ್ನ ಟೀ ದುಡ್ಡನ್ನೂ ತಾವೇ ಕೊಟ್ಟರು.

ಮೂರನೆಯ ದಿನ ಶಿರಾ. ಹೊರಗಿನಿಂದ ಬಂದು ಇಲ್ಲಿ ನೆಲೆ ಕಂಡವರ ಕಥೆ ಬೇಕಾದರೆ ಶಿರಾಕ್ಕೇ ಬರಬೇಕು. ಬಿಜಾಪುರದ ಕಡೆಯಿಂದ ಆಳಲು ಬಂದ ಮಲಿಕ್ ರಿಹಾನ್ ಇಲ್ಲೇ ಮಣ್ಣಾದ. ಅವನ ಗೋರಿಯ ಗುಮ್ಮಟದ ಕೆಳಗೆ ಮಾರ್ಚ್ ಮಧ್ಯಾಹ್ನದಲ್ಲೂ ತಣ್ಣಗಿತ್ತು. 1687ರಲ್ಲಿ ಮೊಗಲರು ಶಿರಾವನ್ನು ಸುಬಾದ ರಾಜಧಾನಿ ಮಾಡಿದರು. 1696ರಲ್ಲಿ ಕಟ್ಟಿದ ಜುಮ್ಮಾ ಮಸೀದಿ ಈಗಲೂ ಗಟ್ಟಿಯಾಗಿದೆ. ಸುಬೇದಾರ ದಿಲಾವರ್ ಖಾನ್ ಸುಮಾರು ಮೂವತ್ತು ವರ್ಷ ಇಲ್ಲಿಂದಲೇ ಆಳಿದ. ಬೆಂಗಳೂರು ಮತ್ತು ಶ್ರೀರಂಗಪಟ್ಟಣದ ಅರಮನೆಗಳಿಗೆ ಅವನ ಅರಮನೆಯೇ ಮಾದರಿ. ನಾನು ದಿನಾ ವಾಕಿಂಗ್ ಹೋಗುವ ಲಾಲ್‌ಬಾಗಿಗೂ ಶಿರಾದ ಖಾನ್ ಬಾಗೇ ಸ್ಫೂರ್ತಿ ಅನ್ನುತ್ತಾರೆ. ಒಣಸೀಮೆಯ ಊರೊಂದು ಬೆಂಗಳೂರಿಗೆ ತೋಟ ಕಲಿಸಿತ್ತು ಎಂದು ತಿಳಿದು ಬೆರಗಾದೆ.

ಆ ಶಿರಾವೂ ಬರಿದಾಯಿತು. ಶ್ರೀರಂಗಪಟ್ಟಣದ ಪಕ್ಕ ಗಂಜಾಂ ಪೇಟೆ ಕಟ್ಟಲು ಟಿಪ್ಪು ಇಲ್ಲಿಂದ 12,000 ಕುಟುಂಬಗಳನ್ನು ಬಲವಂತವಾಗಿ ಸಾಗಿಸಿದನೆಂದು ಬ್ರಿಟಿಷರ ಕಾಲದ ಅಧಿಕಾರಿ ರೈಸ್‌ನ ಗೆಜೆಟಿಯರ್ ಬರೆದಿದೆ. ಹೋಗು ಅಂದವರನ್ನು ಎದುರಿಸಲಾಗದೆ ಒಲೆ ಆರಿಸಿ ಹೊರಟವರು ಅವರು. ಅವರಿಗೆ ಹೊಸ ಊರಿನ ಹವೆ ಹೇಗಿದೆ, ಅಕ್ಕಿಗೆಷ್ಟು ಎಂದು ವಿಚಾರಿಸುವ ಪುರುಸೊತ್ತು ಎಲ್ಲಿತ್ತು?

ಇಳಿಹೊತ್ತಿಗೆ ಶಿರಾದಿಂದ ಸ್ವಲ್ಪ ದೂರದ ಕಗ್ಗಲಡು ತಲುಪಿದೆವು. ಸಣ್ಣ ಊರು. ಮನೆಗಳ ನಡುವೆಯೇ ಹಳೆಯ ಹುಣಸೆಮರಗಳು, ಅವುಗಳ ತುಂಬ ಬಣ್ಣದ ಕೊಕ್ಕರೆಗಳು. ಉದ್ದನೆಯ ಹಳದಿ ಕೊಕ್ಕು, ಕೇಸರಿ ಮುಖ. ಬಾಲದ ಬಳಿ ಯಾರೋ ಗುಲಾಬಿ ಬಣ್ಣದ ಕೈ ಒರೆಸಿದ ಹಾಗೆ. ಒಂದು ಗೂಡನ್ನೇ ನೋಡುತ್ತ ನಿಂತೆ. ಕೆರೆಯ ಕಡೆಯಿಂದ ಬಂದ ಹಕ್ಕಿ ಬಾಗಿ ಬಾಯಿಂದ ಮೀನು ಸುರಿಯಿತು. ಮರಿಗಳು ಒಂದರ ಮೇಲೊಂದು ಬಿದ್ದು ಕಿತ್ತಾಡಿದವು. ಇನ್ನೊಂದು ಹಕ್ಕಿ ರೆಕ್ಕೆ ಬಿಡಿಸಿ ಬಿಸಿಲಿಗೆ ಕೊಡೆ ಹಿಡಿದು ನಿಂತಿತು. ಕೊಂಬೆಗಳೆಲ್ಲ ಸುಣ್ಣ ಬಳಿದಂತೆ ಬೆಳ್ಳಗಾಗಿದ್ದವು. ಕೆಳಗೆ ಹಿಕ್ಕೆಯ ವಾಸನೆ, ಮೀನಿನ ವಾಸನೆ.

ಇವು ದೂರದೇಶದ ಹಕ್ಕಿಗಳಲ್ಲ. ನಮ್ಮ ದೇಶದಲ್ಲೇ ನೀರು, ಮರ ಹುಡುಕಿ ತಿರುಗುವಂಥವು. ಬೂದು ಬಕಗಳೂ ಇಲ್ಲೇ ಗೂಡು ಕಟ್ಟುತ್ತವೆ. 1999ರಲ್ಲಿ ತುಮಕೂರಿನ ಪಕ್ಷಿಪ್ರಿಯರ ಕಣ್ಣಿಗೆ ಬಿದ್ದ ಮೇಲೆ ಹೊರಗಿನವರಿಗೆ ಈ ಊರಿನ ಹೆಸರು ತಿಳಿಯಿತು. ಊರಿನವರು ಅದಕ್ಕೂ ಮೊದಲಿಂದ ಇವನ್ನು ಸಾಕಿಕೊಂಡಂತೆ ಕಾಯುತ್ತಿದ್ದಾರೆ. ಜಗಲಿಯ ಮೇಲೆ ಕೂತಿದ್ದ ಅಜ್ಜಿಯನ್ನು, ಈ ಮರದ ಹುಣಸೆಹಣ್ಣು ಏನು ಮಾಡುತ್ತೀರಿ ಎಂದು ಕೇಳಿದೆ.

“ಬಡಿಯಲ್ಲ ಕಣಪ್ಪ. ಬಸುರಿ ಬಾಣ್ತೀರು ಕುಂತವ್ರೆ, ಹೆಂಗ್ ಬಡಿಯೋದು? ಸಾರಿಗೆ ಬ್ಯಾರೆ ಕಡೆಯಿಂದ ತಂದ್ಕಂತೀವಿ.”

ಹುಣಸೆಯ ಬೆಲೆ ಬಲ್ಲವರಿಗೆ ಇದು ಎಷ್ಟು ದೊಡ್ಡ ಮಾತು ಅನ್ನುವುದು ಗೊತ್ತು. ಮನೆಯಂಗಳದ ಹಿಕ್ಕೆ ಗುಡಿಸಿ, ವರ್ಷದ ಆದಾಯ ಬಿಟ್ಟು ಈ ಜನ ಅತಿಥಿಗಳನ್ನು ಇಟ್ಟುಕೊಂಡಿದ್ದಾರೆ. ಹಕ್ಕಿಗಳೂ ಮರಿಗೆ ರೆಕ್ಕೆ ಬಲಿತ ಮೇಲೆ ತಮ್ಮ ಪಾಡಿಗೆ ಹೊರಡುತ್ತವೆ.

ರಾತ್ರಿ ಮಗನಿಗೆ ಫೋನ್ ಮಾಡಿದೆ. ಥಾಯ್ಲೆಂಡ್ ಬೇಡ ಅನ್ನಲಿಲ್ಲ. ಹೋಗಿ ಒಂದು ತಿಂಗಳು ಇದ್ದು ನೋಡೋಣ ಅಂದೆ. ಬಿಸಿಲೆಷ್ಟು, ಬಾಡಿಗೆಯೆಷ್ಟು ಅನ್ನುವುದನ್ನು ಅವನು ಲೆಕ್ಕ ಹಾಕಿದ್ದಾನೆ. ನಾನು ನೋಡಬೇಕಾದ್ದು ಬೇರೆ ಇದೆ: ಅಲ್ಲಿನ ಜನ ನಮ್ಮನ್ನು ಮಾತಾಡಿಸುತ್ತಾರಾ, ಬೆಳಿಗ್ಗೆ ಎದ್ದರೆ ಹೋಗಲು ಒಂದು ಕಡೆ ಇದೆಯಾ, ಬೇಡವೆನಿಸಿದ ದಿನ ಎದ್ದು ಬರಬಹುದಾ. ಬಿಸಿಲು ಎಲ್ಲ ಕಡೆ ಪುಕ್ಕಟೆ. ನೆರಳು ಮಾತ್ರ ಯಾರೋ ಕೊಟ್ಟರೆ ಉಂಟು.

ಕಗ್ಗಲಡುವಿಗೆ ಹೋಗುವವರು ಫೆಬ್ರವರಿಯಿಂದ ಜುಲೈ ಒಳಗೆ ಹೋಗಿ. ಗಾಡಿ ಊರ ಹೊರಗೇ ನಿಲ್ಲಿಸಿ, ಹಾರನ್ ಹೊಡೆಯಬೇಡಿ, ಮರದ ಕೆಳಗೆ ಮೆಲ್ಲಗೆ ಮಾತಾಡಿ. ತಲೆಗೊಂದು ಟವೆಲ್ ಇರಲಿ.