ಸಂಪರ್ಕ ಸಿಗುತ್ತಿಲ್ಲ

ಸಂಜೆ ದೇವರಿಗೆ ದೀಪ ಹಚ್ಚಿ, ಅಮ್ಮನಿಗೆ ಕಾಫಿ ಕೊಟ್ಟು, ನಾಳೆಯ ದೋಸೆಗೆ ಗ್ರೈಂಡರಿಗೆ ಅಕ್ಕಿ ಹಾಕುವ ಹೊತ್ತಿಗೆ ಸರಿಯಾಗಿ ಒಳಕೋಣೆಯಿಂದ ಕೂಗು ಬರುತ್ತಿತ್ತು: “ಅಮ್ಮಾ, ಮತ್ತೆ ಟೈಮ್ಡ್ ಔಟ್!”

2023ರ ಜುಲೈ ತಿಂಗಳ ಮಾತು. ಸಾಗರದಲ್ಲಿ ಮಳೆ ಹಿಡಿದಿತ್ತು. ಮಗನಿಗೆ ಶಾಲೆಗೆ ರಜೆಯ ಮೇಲೆ ರಜೆ. ಅವನಿಗಿದ್ದ ಒಂದೇ ಚಿಂತೆ, ಹುಬ್ಬಳ್ಳಿಯಲ್ಲಿರುವ ತನ್ನ ತಮ್ಮನೊಂದಿಗೆ, ಅಂದರೆ ನನ್ನ ತಂಗಿಯ ಮಗನೊಂದಿಗೆ, ಕಂಪ್ಯೂಟರಿನಲ್ಲಿ ಆಟ ಕೂಡುತ್ತಿಲ್ಲ ಎಂಬುದು.

ಆಟದ ಹೆಸರು ಮೈನ್‌ಕ್ರಾಫ್ಟ್. ಸ್ವೀಡನ್ನಿನಲ್ಲಿ ಹುಟ್ಟಿ, 2011ರಲ್ಲಿ ಪೂರ್ಣರೂಪದಲ್ಲಿ ಹೊರಬಂದ ಆಟ. ಮಣ್ಣು, ಮರ, ಕಲ್ಲು ಎಲ್ಲವೂ ಅಲ್ಲಿ ಚೌಕ ಚೌಕ ಇಟ್ಟಿಗೆಗಳು. ಅಗೆಯುವುದು, ಕಟ್ಟುವುದು, ಅಷ್ಟೇ. ಗೆಲ್ಲಲೇಬೇಕೆಂಬ ಹಟವಿಲ್ಲ. ಮೇ ತಿಂಗಳಲ್ಲಿ ರಜೆಗೆ ಬಂದ ಹುಡುಗ ತನ್ನ ಲ್ಯಾಪ್‌ಟಾಪ್ ತಂದಿದ್ದ. ಇಬ್ಬರೂ ಸೇರಿ ಅಜ್ಜಿಯನ್ನು ಕೇಳಿ ಕೇಳಿ, ಅದರಲ್ಲಿ ನಮ್ಮ ತವರಿನ ಮನೆಯನ್ನೇ ಕಟ್ಟಿದ್ದರು. ಜಗುಲಿ, ಅಂಗಳ, ಕೊಟ್ಟಿಗೆ, ಬಾವಿ, ಎಲ್ಲ.

ಆ ಮನೆ ಈಗ ಇಲ್ಲ. ಅಪ್ಪ ಹೋದಮೇಲೆ 2020ರಲ್ಲಿ ಮಾರಿದೆವು. ಮಾರೋಣ ಎಂದವಳು ತಂಗಿ, ಬೇಡ ಎಂದವಳು ನಾನು. ಸಹಿ ಹಾಕಿದ ದಿನ ಇಬ್ಬರೂ ಆಡಬಾರದ ಮಾತು ಆಡಿಕೊಂಡೆವು. ಅಂದಿನಿಂದ ಮೂರು ವರ್ಷ, ಅವಳ ಸುದ್ದಿ ನನಗೆ ಅಮ್ಮನ ಫೋನಿನಿಂದ, ನನ್ನ ಸುದ್ದಿ ಅವಳಿಗೂ ಅಮ್ಮನ ಫೋನಿನಿಂದ. ಮಗುವನ್ನು ಕರೆತಂದ ಅವಳ ಗಂಡ ಬಸ್ ಸ್ಟ್ಯಾಂಡಿನಲ್ಲೇ ಒಪ್ಪಿಸಿ ಹಿಂದಿನ ಬಸ್ಸಿಗೇ ಹೊರಟುಬಿಟ್ಟಿದ್ದರು.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ತಪ್ಪು ಎಲ್ಲಿದೆ ಎಂದು ಹುಡುಕುವುದು ನನ್ನ ಕಸುಬು. ಗ್ರೈಂಡರ್ ಆರಿಸಿ ಹೋಗಿ ನೋಡಿದೆ. ಮಗ ವಿಳಾಸದ ಜಾಗದಲ್ಲಿ 192.168.1.5 ಎಂದು ಬರೆದಿದ್ದ. “ರಜೆಯಲ್ಲಿ ಇದನ್ನೇ ಬರೆಯುತ್ತಿದ್ದೆವು, ತಕ್ಷಣ ಸಿಗುತ್ತಿತ್ತು” ಎಂದ. ನಮ್ಮ ಬೀದಿಗೆ ಇಂಟರ್‌ನೆಟ್ ಜೋಡಿಸುವ ಹುಡುಗನನ್ನು ಕೇಳಿದೆ. ಅವನು ನಕ್ಕ. “ಮೇಡಂ, ಅದು ಮನೆಯೊಳಗಿನ ವಿಳಾಸ. ಎಲ್ಲರ ಮನೆಯಲ್ಲೂ ಅಡುಗೆಮನೆ ಇರುತ್ತದೆ. ಕಾಗದದ ಮೇಲೆ ‘ಅಡುಗೆಮನೆ’ ಎಂದಷ್ಟೇ ಬರೆದರೆ ಅಂಚೆಯವನು ಯಾರ ಮನೆಗೆ ಕೊಡಬೇಕು?” 192.168ರಿಂದ ಶುರುವಾಗುವ ವಿಳಾಸಗಳನ್ನು ಹೀಗೆ ಮನೆ, ಕಚೇರಿಗಳ ಒಳಬಳಕೆಗೆಂದೇ ತೆಗೆದಿಟ್ಟಿದ್ದಾರೆ. ರಜೆಯಲ್ಲಿ ಇಬ್ಬರೂ ಒಂದೇ ವೈಫೈ ಡಬ್ಬಿಯ ಕೆಳಗಿದ್ದರು, ನಡೆಯಿತು. ಈಗ ನಡುವೆ ಊರುಗಳೇ ಇವೆ.

ಹೊರಗಿನ ವಿಳಾಸ ಬೇಕು. ಜೊತೆಗೆ ಹುಬ್ಬಳ್ಳಿಯ ಡಬ್ಬಿಗೆ, “25565ನೇ ಬಾಗಿಲಿಗೆ ಬಂದವರನ್ನು ಈ ಲ್ಯಾಪ್‌ಟಾಪಿನ ಹತ್ತಿರ ಕಳಿಸು” ಎಂದು ಹೇಳಿಡಬೇಕು. ಆ ಸಂಖ್ಯೆ ಈ ಆಟದ ಸರ್ವರಿನ ರೂಢಿಯ ಬಾಗಿಲು. “ಆದರೆ ಮೇಡಂ, ಇದನ್ನು ಇಲ್ಲಿ ಕೂತು ಮಾಡಲಾಗುವುದಿಲ್ಲ. ಆ ಕಡೆಯವರು ಡಬ್ಬಿಯ ಪುಟ ತೆರೆದು ನೋಡಬೇಕು.”

ಆ ಕಡೆಯವರು! ಅವರ ಮನೆಯ ಡಬ್ಬಿ ಇರುವುದು ಬೀರುವಿನ ಮೇಲೆ, ಮಕ್ಕಳ ಕೈಗೆ ಸಿಗದಂತೆ. ಪಾಸ್‌ವರ್ಡ್ ಅದರ ತಳದಲ್ಲಿ ಬರೆದಿದೆ.

ಎರಡು ದಿನ ಸುಮ್ಮನಿದ್ದೆ. ಮೂರನೆಯ ಸಂಜೆ ಮಗ ಕೂಗಲಿಲ್ಲ. ಕಂಪ್ಯೂಟರ್ ಆರಿಸಿ ಗೋಡೆಗೆ ಮುಖ ಮಾಡಿ ಮಲಗಿದ್ದ. ಗೋಡೆಗೆ ಮುಖ ಮಾಡಿ ಮಲಗುವುದು ನಮ್ಮ ವಂಶದ ಗುಣ; ನನ್ನ ತಂಗಿಯೂ ಹಾಗೆಯೇ ಮಲಗುತ್ತಿದ್ದಳು. ಫೋನ್ ಎತ್ತಿದೆ.

“ಅಕ್ಕಾ? ಅಮ್ಮ ಹುಷಾರಾಗಿದ್ದಾಳೆ ತಾನೇ?” ಮೊದಲ ಮಾತೇ ಅದು. ಮೂರು ವರ್ಷದ ಮೇಲೆ ನನ್ನ ಹೆಸರು ಫೋನಿನಲ್ಲಿ ಕಂಡರೆ ಇನ್ನೇನು ತಾನೇ ಅನಿಸೀತು, ನೀವೇ ಹೇಳಿ. “ಅಮ್ಮ ಚೆನ್ನಾಗಿದ್ದಾಳೆ. ನಿನ್ನ ಬೀರುವಿನ ಮೇಲಿನ ವೈಫೈ ಡಬ್ಬಿ ಸ್ವಲ್ಪ ಇಳಿಸು” ಎಂದೆ. ಒಂದು ಕ್ಷಣ ಸುಮ್ಮನಿದ್ದಳು. ಆಮೇಲೆ ಕುರ್ಚಿ ಎಳೆದ ಸದ್ದು ಕೇಳಿಸಿತು.

ಅವಳು ಪುಟ ತೆರೆದು ಹೊರಗಿನ ವಿಳಾಸ ಓದಿದಳು. “ನೂರು, ಚುಕ್ಕಿ, ಎಪ್ಪತ್ತೆರಡು...” ಪಕ್ಕದಲ್ಲಿದ್ದ ಹುಡುಗ ತಲೆಯಾಡಿಸಿಬಿಟ್ಟ. ಹಳೆಯ ಪದ್ಧತಿಯ ಇಂಟರ್‌ನೆಟ್ ವಿಳಾಸಗಳು ಜಗತ್ತಿಗೆಲ್ಲ ಸೇರಿ ಸುಮಾರು 429 ಕೋಟಿ ಮಾತ್ರ. ನಮ್ಮ ಏಷ್ಯಾ ಪೆಸಿಫಿಕ್ ಭಾಗದ ದಾಸ್ತಾನು 2011ರ ಏಪ್ರಿಲ್‌ನಲ್ಲೇ ಬಹುಮಟ್ಟಿಗೆ ಬರಿದಾಯಿತು. ಹಾಗಾಗಿ ಎಷ್ಟೋ ಕಂಪನಿಗಳು ಹಲವು ಮನೆಗಳಿಗೆ ಒಂದೇ ಹೊರವಿಳಾಸ ಹಂಚಿ ಕೊಡುತ್ತವೆ. ವಠಾರಕ್ಕೆಲ್ಲ ಒಂದೇ ಹೆಬ್ಬಾಗಿಲು ಇದ್ದಂತೆ. 100.64ರಿಂದ 100.127ರವರೆಗಿನ ವಿಳಾಸ ಕಂಡರೆ ಅದೇ ಗುರುತು. ಒಳಗಿನವರು ಹೊರಗೆ ಹೋಗಬಹುದು, ಹೊರಗಿನವರು ನೇರವಾಗಿ ಬಂದು ಅವರ ಕದ ತಟ್ಟಲಾಗದು. ಮನೆಯೊಳಗೆ ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ.

“ಹಾಗಾದರೆ ಆಟ ನಿಮ್ಮ ಮನೆಯಲ್ಲೇ ಇರಲಿ, ಇವನು ಅಲ್ಲಿಗೆ ಬರುತ್ತಾನೆ” ಎಂದಳು ತಂಗಿ. ನಮ್ಮವರು ಊರಿಗೆ ಹೋದಾಗಲೂ ಅಂಗಡಿಯ ಕ್ಯಾಮೆರಾ ನೋಡಲೆಂದು ಹಣ ಕೊಟ್ಟು ಸ್ವಂತ ವಿಳಾಸ ಪಡೆದಿದ್ದರು. ಅದು ಉಪಯೋಗಕ್ಕೆ ಬಂತು. ಆದರೆ ಕಟ್ಟಿದ ಮನೆ ಇದ್ದದ್ದು ಅವಳ ಮಗನ ಲ್ಯಾಪ್‌ಟಾಪಿನಲ್ಲಿ. ಅದೊಂದು ಫೋಲ್ಡರು. ಅವಳೇ ಅದನ್ನು ಕಳಿಸಿದಳು.

ನಮ್ಮ ಕಂಪ್ಯೂಟರಿನಲ್ಲಿ ಸರ್ವರ್ ಹಾಕಿ, ಮೊದಲು ಅದೇ ಯಂತ್ರದಿಂದ ಪರೀಕ್ಷಿಸಿದೆವು. ಈ ಸಲ ಬೇರೆ ಮಾತು: “ಕನೆಕ್ಷನ್ ರೆಫ್ಯೂಸ್ಡ್.” ಮಗ ಅಳುಮುಖ ಮಾಡಿದ. ಹುಡುಗ ಮಾತ್ರ ಹಿಗ್ಗಿದ. “ಟೈಮ್ಡ್ ಔಟ್ ಎಂದರೆ ಉತ್ತರವೇ ಬರಲಿಲ್ಲ ಎಂದು. ವಿಳಾಸ ತಪ್ಪೋ, ದಾರಿಯಲ್ಲಿ ಯಾರೋ ತಡೆದರೋ ತಿಳಿಯದು. ರೆಫ್ಯೂಸ್ಡ್ ಎಂದರೆ ಮನೆ ಸಿಕ್ಕಿತು, ಆ ಬಾಗಿಲಲ್ಲಿ ಕೇಳುವವರಿಲ್ಲ, ಅಷ್ಟೇ.” ನಿಜ, ಸರ್ವರ್ ಶುರುವಾದಂತೆ ಮಾಡಿ ನಿಂತುಬಿಟ್ಟಿತ್ತು. ಮೊದಲ ಸಲ ಓಡಿಸಿದಾಗ ಅದು ಕರಾರಿನ ಒಂದು ಕಡತ ಬರೆದಿಟ್ಟು ನಿಲ್ಲುತ್ತದೆ. ಓದಿ ‘ಫಾಲ್ಸ್’ ಇದ್ದಲ್ಲಿ ‘ಟ್ರೂ’ ಎಂದು ತಿದ್ದಿದರೆ ಮಾತ್ರ ಮುಂದೆ ಹೋಗುತ್ತದೆ. ತಿದ್ದಿದೆವು. ಫೈರ್‌ವಾಲ್ ಕೇಳಿದ್ದಕ್ಕೆ ಅನುಮತಿ ಕೊಟ್ಟೆವು. ಡಬ್ಬಿಗೆ ಬಾಗಿಲಿನ ಸಂಖ್ಯೆ ಹೇಳಿದೆವು. ರಾತ್ರಿ ಒಂಬತ್ತಕ್ಕೆ ಹುಬ್ಬಳ್ಳಿಯ ಹುಡುಗ ನಮ್ಮ ಪರದೆಯ ಮೇಲೆ ಜಗುಲಿ ಹತ್ತಿ ನಿಂತ. “ದೊಡ್ಡಮ್ಮಾ, ಬಂದೆ!” ಎಂದು ಫೋನಿನಲ್ಲಿ ಕೂಗಿದ.

ಮರುದಿನ ಕರೆಂಟು ಹೋಗಿ ಬಂದಮೇಲೆ ಮತ್ತೆ ಟೈಮ್ಡ್ ಔಟ್. ಕಂಪ್ಯೂಟರಿಗೆ ಡಬ್ಬಿ ಮನೆಯೊಳಗಿನ ಹೊಸ ವಿಳಾಸ ಕೊಟ್ಟಿತ್ತು. ಹಳೆಯ ಕೋಣೆಯಲ್ಲಿ ಯಾರೂ ಇರಲಿಲ್ಲ. ವಿಳಾಸ ಬದಲಾಗದಂತೆ ಕಾಯ್ದಿರಿಸಿದ ಮೇಲೆ ಆ ಕಾಟ ತಪ್ಪಿತು.

ಆ ರಾತ್ರಿ ನನಗೆ ಬೇಗ ನಿದ್ರೆ ಬರಲಿಲ್ಲ. ತಂಗಿ ಬಾಗಿಲು ಹಾಕಿಕೊಂಡಿದ್ದಾಳೆ ಎಂದೇ ಮೂರು ವರ್ಷ ಅಂದುಕೊಂಡಿದ್ದೆ. ಅಷ್ಟು ದಿನದಲ್ಲಿ ನಾನು ಒಂದು ಸಲವೂ ತಟ್ಟಿರಲಿಲ್ಲ. ಮಾತು ತಪ್ಪಿದ್ದು ಯಾರ ಕಡೆಯಿಂದ ಎಂದು ನನ್ನ ಕಡೆ ಮಾತ್ರ ನೋಡಿ ತೀರ್ಮಾನಿಸಿದ್ದೆ. ತರಗತಿಯಲ್ಲಿ ಯಾವ ಮಗುವಾದರೂ ಸಮೀಕರಣದ ಒಂದೇ ಬದಿ ನೋಡಿ ಉತ್ತರ ಬರೆದರೆ ನಾನೇ ಸೊನ್ನೆ ಕೊಡುತ್ತೇನೆ.

ಈಗ ಭಾನುವಾರದ ಸಂಜೆ ಮಕ್ಕಳು ಆಡುವಾಗ ನಾವಿಬ್ಬರೂ ಫೋನಿನಲ್ಲಿರುತ್ತೇವೆ. ಮನೆ ಮಾರಿದ ವಿಷಯ ಇಬ್ಬರೂ ಎತ್ತಿಲ್ಲ. ಒಂದು ದಿನ ಎತ್ತಬೇಕಾದೀತು. ಮೊನ್ನೆ ಅವಳು ಮಗನ ಪರದೆ ಇಣುಕಿ ನೋಡಿ, “ಅಕ್ಕಾ, ಬಾವಿ ಕೊಟ್ಟಿಗೆಯ ಪಕ್ಕ ಕಟ್ಟಿದ್ದಾರಲ್ಲ, ಅದು ಹಿತ್ತಿಲ ಬಾಗಿಲ ಎದುರಿಗಿತ್ತು” ಎಂದಳು. ಇಲ್ಲ, ಕೊಟ್ಟಿಗೆಯ ಪಕ್ಕವೇ ಎಂದೆ ನಾನು. ಇಬ್ಬರಿಗೂ ಸ್ವರ ಏರಿತು. ಅಮ್ಮನನ್ನು ಕೇಳಿದರೆ, ಮಂಚದಲ್ಲಿ ಎದ್ದು ಕುಳಿತು ಹೇಳಿದಳು: “ಅವಳು ಹೇಳಿದ್ದೇ ಸರಿ. ನಿಮಗೆ ನೀರು ಸೇದಿ ಹಾಕಿದವಳು ನಾನಲ್ಲವೇ? ಮಕ್ಕಳಿಗೆ ಹೇಳುವಾಗ ನಾನೇ ತಪ್ಪಿದೆ.”

ಮಕ್ಕಳು ಅಂದೇ ಬಾವಿಯನ್ನು ಮುಚ್ಚಿ, ಹಿತ್ತಿಲ ಬಾಗಿಲ ಎದುರಿಗೆ ಮತ್ತೆ ತೋಡಿದರು.