ಯಾವ ದಂಡೆಯಲ್ಲಿ ಬಿಡಾರ?

ಪ್ರವಾಸಕ್ಕೆ ಬೇಕಾದದ್ದು ಹಣ, ರಜೆ ಮತ್ತು ಸ್ವಲ್ಪ ಧೈರ್ಯ. ಈ ಮೂರೂ ಕೂಡಿಬಂದ ಮೇಲೆ ನಾಲ್ಕನೆಯ ತೊಡಕೊಂದು ಉಳಿಯುತ್ತದೆ: ಹೋದಲ್ಲಿ ಯಾವ ಭಾಗದಲ್ಲಿ ಇಳಿದುಕೊಳ್ಳಬೇಕು? ಬಂಧುಗಳಿರುವ ಊರಾದರೆ ಈ ಪ್ರಶ್ನೆಯೇ ಏಳದು. ಎದ್ದರೆ ಬಂಧುಗಳು ಸುಮ್ಮನೆ ಬಿಡುವುದಿಲ್ಲ. ಯಾತ್ರಾಸ್ಥಳವಾದರೆ ಗುಡಿಯ ಸಮೀಪ ಛತ್ರವೋ ಮಠವೋ ಇದ್ದೇ ಇರುತ್ತದೆ. ಆದರೆ ಸುತ್ತಲೂ ಕಡಲು, ಪರಿಚಯದ ಮುಖ ಒಂದೂ ಇಲ್ಲದ ದ್ವೀಪಕ್ಕೆ ಹೊರಟವರು ಈ ಪ್ರಶ್ನೆಗೆ ತಾವೇ ಉತ್ತರ ಹುಡುಕಬೇಕು.

ನಾವು ಹೊರಟದ್ದು ಅಂಡಮಾನಿಗೆ. ನಮ್ಮ ಬಿಜಾಪುರ 2014ರ ನವೆಂಬರ್ 1ರಂದು ವಿಜಯಪುರವಾಯಿತಷ್ಟೆ. ಹತ್ತು ವರ್ಷ ತುಂಬುವಷ್ಟರಲ್ಲಿ, 2024ರ ಸೆಪ್ಟೆಂಬರಿನಲ್ಲಿ, ಅಂಡಮಾನಿನ ಪೋರ್ಟ್ ಬ್ಲೇರ್ ಪಟ್ಟಣವೂ ‘ಶ್ರೀ ವಿಜಯ ಪುರಂ’ ಆಯಿತು. ಗಾಂಧಿಚೌಕದಲ್ಲಿ ಸಿಕ್ಕ ಪರಿಚಿತರೊಬ್ಬರು, “ಎಲ್ಲಿಗೆ ಹೊಂಟೀರಿ?” ಎಂದು ಕೇಳಿದರು. “ವಿಜಯಪುರಕ್ಕರೀ” ಎಂದೆ. “ಹಂಗಂದ್ರ ಎಲ್ಲೂ ಹೋಗೂದಿಲ್ಲ ಅನ್ರಿ!” ಎಂದು ನಕ್ಕು ಮುಂದೆ ಹೋದರು.

ಈ ಪ್ರಯಾಣ ಅವ್ವನಿಗಾಗಿ. ಆಕೆ ಹುಟ್ಟಿ ಬೆಳೆದದ್ದು ತಿಕೋಟಾದಲ್ಲಿ, ಸಂಸಾರ ನಡೆಸಿದ್ದು ವಿಜಯಪುರದಲ್ಲಿ. ವರ್ಷಕ್ಕೆ 600 ಮಿಲಿಮೀಟರ್ ಮಳೆಯಾದರೆ ಸಂಭ್ರಮಪಡುವ ಸೀಮೆ ನಮ್ಮದು. ಕೊಡದ ಮೇಲೆ ಕೊಡವಿಟ್ಟು ನೀರು ಹೊತ್ತವಳು, ಟ್ಯಾಂಕರಿನ ಸದ್ದಿಗೆ ನಿದ್ದೆಯಲ್ಲಿಯೂ ಎಚ್ಚರಗೊಳ್ಳುವವಳು, ಸಮುದ್ರವನ್ನು ಮಾತ್ರ ಕಂಡಿರಲಿಲ್ಲ. ವಯಸ್ಸು 74 ದಾಟಿತ್ತು. ಮೊಣಕಾಲು ಸವೆದಿವೆ, ತಿರುಗಾಡುವುದಿದ್ದರೆ ಈಗಲೇ ತಿರುಗಾಡಿಸಿ ಎಂದು ವೈದ್ಯರು ಹೇಳಿದ್ದರು. ಬಬಲೇಶ್ವರದ ಬಳಿ ದ್ರಾಕ್ಷಿ ತೋಟವಿರುವ ನನ್ನ ಅಕ್ಕ-ಭಾವಂದಿರು ಹಿಂದಿನ ವರ್ಷ ಒಣದ್ರಾಕ್ಷಿ ಮಾರಿ ಬಂದ ಹಣದಲ್ಲಿ ಒಂದು ಪಾಲನ್ನು ಇದಕ್ಕೆಂದೇ ಎತ್ತಿಟ್ಟರು. ನನ್ನ ಪಾಲನ್ನು ನಾನು ಸೇರಿಸಿದೆ. ಎರಡನೆಯ ಸಲ ಹೋಗಲು ನಮ್ಮಲ್ಲಿ ಹಣವೂ ಇರದು, ಅವ್ವನ ಕಾಲಿನಲ್ಲಿ ಬಲವೂ ಇರದು. ಆದ್ದರಿಂದ ಬಿಡಾರದ ಆಯ್ಕೆ ನಮಗೆ ವಿನೋದದ ಮಾತಾಗಿರಲಿಲ್ಲ.

ದ್ರಾಕ್ಷಿಯ ಕಟಾವು ಮುಗಿದು ಶಾಲೆಗೆ ರಜೆ ಬೀಳುವ ಏಪ್ರಿಲ್ ತಿಂಗಳನ್ನು ಗೊತ್ತುಮಾಡಿದೆವು. ಮಳೆಗಾಲಕ್ಕೆ ಮೊದಲಿನ ಆ ದಿನಗಳಲ್ಲಿ ಅಲ್ಲಿಯ ಕಡಲೂ ಶಾಂತ. ನಕ್ಷೆ ಹರವಿಕೊಂಡು ಒಂದು ಸಂಜೆ ಮನೆಮಂದಿಯೆಲ್ಲ ಕುಳಿತೆವು. ತಂಗಬಹುದಾದ ಜಾಗಗಳು ಮುಖ್ಯವಾಗಿ ಮೂರು. ಮೊದಲನೆಯದು ಶ್ರೀ ವಿಜಯ ಪುರಂ ಪಟ್ಟಣ. ವಿಮಾನ ಇಳಿಯುವುದು ಅಲ್ಲಿಯೇ. ಅಬರ್ಡೀನ್ ಬಜಾರು, ಆಸ್ಪತ್ರೆ, ಸೆಲ್ಯುಲರ್ ಜೈಲು ಎಲ್ಲವೂ ಹತ್ತಿರ. ಎರಡನೆಯದು, ಅಲ್ಲಿಂದ ಹಡಗಿನಲ್ಲಿ ಸುಮಾರು 40 ಕಿಲೋಮೀಟರ್ ಹೋದರೆ ಸಿಗುವ ಹ್ಯಾವ್‌ಲಾಕ್. ಮೂರನೆಯದು, ಅದರ ನೆರೆಯ ಪುಟ್ಟ ನೀಲ್. ಈ ಎರಡಕ್ಕೂ 2018ರ ಡಿಸೆಂಬರಿನಲ್ಲಿ ಸ್ವರಾಜ್ ದ್ವೀಪ, ಶಹೀದ್ ದ್ವೀಪ ಎಂಬ ಹೆಸರುಗಳು ಬಂದಿವೆ. ಸ್ವರಾಜ್ ದ್ವೀಪದಲ್ಲಿಯೇ ಮತ್ತೆ ಬೇರೆ ಬೇರೆ ಹಳ್ಳಿಗಳು: ಹಡಗುಕಟ್ಟೆಗೂ ಪೇಟೆಗೂ ಸಮೀಪದ ಗೋವಿಂದನಗರ, ಪೂರ್ವದ ದಂಡೆಯ ವಿಜಯನಗರ, ಕಟ್ಟೆಯಿಂದ ಸುಮಾರು 12 ಕಿಲೋಮೀಟರ್ ದೂರದಲ್ಲಿ ಪಶ್ಚಿಮದ ದಂಡೆಯ ರಾಧಾನಗರ.

ಮಗಳು ರಾಧಾನಗರವೆಂದು ಹಟ ಹಿಡಿದಳು. 2004ರಲ್ಲಿ ‘ಟೈಮ್’ ಪತ್ರಿಕೆ ಅದನ್ನು ಏಷ್ಯದಲ್ಲಿಯೇ ಉತ್ತಮ ಕಡಲತೀರವೆಂದು ಹೊಗಳಿತ್ತು. ಅದರ ಚಿತ್ರಗಳು ಅವಳ ಫೋನಿನಲ್ಲಿ ತುಂಬಿದ್ದವು. ನನ್ನಾಕೆ ಪಟ್ಟಣದ ಪಕ್ಷ. ಆಸ್ಪತ್ರೆ ಕೂಗಳತೆಯಲ್ಲಿರಬೇಕೆಂಬುದು ಅವಳ ವಾದ. ಭಾವನವರಿಗೆ ಗೋವಿಂದನಗರವೇ ಸೈ. “ಪೇಟಿ ಸನೇಕ ಇದ್ರ ಊಟಕ್ಕ ಚಿಂತಿ ಇಲ್ಲ. ನೀರ ನೋಡಿದ್ರ ಹೊಟ್ಟಿ ತುಂಬತೈತೇನು?” ಎಂದರು.

ನನಗೆ ಭಾವನವರ ಮಾತಿನಲ್ಲಿ ಹುರುಳು ಕಂಡಿತು. ವಿಜಯಪುರಕ್ಕೆ ಬರುವ ಅತಿಥಿಗಳು, “ಗೋಲಗುಮ್ಮಟದ ಎದುರಿಗೇ ಕೋಣೆ ಹಿಡಿಯಿರಿ” ಎಂದು ನಮಗೆ ಬರೆಯುವುದುಂಟು. 1656ರಿಂದ ನಿಂತಿರುವ ಗುಮ್ಮಟ ಎಲ್ಲಿಗೂ ಓಡಿಹೋಗುವುದಿಲ್ಲ. ಊರಿನ ಯಾವ ಮಾಳಿಗೆ ಏರಿದರೂ ಕಾಣಿಸುತ್ತದೆ. ಚಹ, ಊಟ, ವಾಹನ ಸಿಗುವಲ್ಲಿ ಇಳಿದು, ಗುಮ್ಮಟವನ್ನು ಮುಂಜಾನೆ ಹೋಗಿ ನೋಡಿ ಬನ್ನಿ ಎಂದೇ ನಾವು ಹೇಳುತ್ತೇವೆ. ಚೆಲುವಿಗೆ ಆಸರೆಯೂ ಬೇಕೆಂಬುದಕ್ಕೆ ತೊರವಿಯೇ ಸಾಕ್ಷಿ. ಎರಡನೆಯ ಇಬ್ರಾಹಿಂ ಆದಿಲ್ ಶಾಹ 1599ರಲ್ಲಿ ಅಲ್ಲಿ ನವರಸಪುರವೆಂಬ ಹೊಸ ನಗರವನ್ನು ಆಸೆಯಿಂದ ಕಟ್ಟಿಸತೊಡಗಿದ. ಅದರ ಕೋಟೆ ಪೂರ್ಣವಾಗಲಿಲ್ಲ. 1624ರಲ್ಲಿ ಮಲಿಕ್ ಅಂಬರನ ದಂಡು ಅದನ್ನು ಹಾಳುಗೆಡವಿತು. ವಿಜಯಪುರದ ಕೋಟೆಯೊಳಗಿದ್ದವರು ಉಳಿದುಕೊಂಡರು.

ಇಷ್ಟೆಲ್ಲ ಚರ್ಚೆ ನಡೆದರೂ ಅವ್ವ ಸುಮ್ಮನೆ ಶೇಂಗಾ ಸುಲಿಯುತ್ತ ಕುಳಿತಿದ್ದಳು. ಕೊನೆಗೆ ಅಕ್ಕನೇ, “ಅವ್ವಾ, ನಿನಗೇನ ಬೇಕು ಹೇಳ” ಎಂದಳು.

“ನನಗ ಊರ ಗೊತ್ತಿಲ್ಲ, ಕೇರಿ ಗೊತ್ತಿಲ್ಲ. ಬಾಗಲಾ ತಗದ್ರ ನೀರ ಕಾಣಬೇಕು. ಯಾರೂ ಕೈ ಹಿಡದ ಕರಕೊಂಡ ಹೋಗಬಾರದು.”

ಪ್ರಶ್ನೆಯ ರೂಪವೇ ಬದಲಾಯಿತು. ನೋಡತಕ್ಕ ಸ್ಥಳಕ್ಕೆ ನಾವು ವಾಹನದಲ್ಲಿ ಹೋಗಿ ಬರಬಹುದು. ಅವ್ವನಿಗೆ ಬೇಕಾದದ್ದು ಹೋಗಿ ನೋಡುವ ಸಮುದ್ರವಲ್ಲ, ಬೇಕೆಂದಾಗ ತಾನೊಬ್ಬಳೇ ಎದ್ದು ನೋಡುವ ಸಮುದ್ರ. ಪಟ್ಟಣದಲ್ಲಿ ಅದಕ್ಕೆ ಏರು-ಇಳುಕಲಿನ ಬೀದಿ ದಾಟಬೇಕು. ರಾಧಾನಗರದಲ್ಲಿ ವಸತಿಗಳು ಕಡಿಮೆ, ಪೇಟೆ ದೂರ. ವಿಜಯನಗರದ ವಸತಿಗಳು ದಂಡೆಗೆ ತಾಗಿಯೇ ಇವೆ. ದೊಡ್ಡ ಮರಗಳ ನೆರಳುಂಟು. ಪೇಟೆಯೂ ತೀರ ದೂರವಲ್ಲ. ಒಂದು ಕೊರತೆಯೆಂದರೆ, ಇಳಿತದ ಹೊತ್ತಿನಲ್ಲಿ ಅಲ್ಲಿ ನೀರು ಬಹುದೂರ ಸರಿದು ಕಲ್ಲು-ಹವಳದ ನೆಲ ಬಯಲಾಗುತ್ತದೆ. ಈಜುವವರಿಗೆ ಅದು ದೊಡ್ಡ ಕೊರತೆ, ಅವ್ವ ಈಜುವವಳಲ್ಲ. ನೆಲಮಟ್ಟದ ಕೋಣೆ, ಮೆಟ್ಟಿಲು ಎರಡೇ ಎಂಬುದನ್ನು ಫೋನಿನಲ್ಲಿ ಎರಡು ಸಲ ಕೇಳಿ ಖಚಿತಪಡಿಸಿಕೊಂಡು, ನಾಲ್ಕು ರಾತ್ರಿಗಳನ್ನು ವಿಜಯನಗರದಲ್ಲಿ, ಮರಳುವ ಮುನ್ನಿನ ಒಂದು ರಾತ್ರಿಯನ್ನು ಪಟ್ಟಣದಲ್ಲಿ ಗೊತ್ತುಮಾಡಿದೆ.

ಅಲ್ಲಿ ಏಪ್ರಿಲಿನಲ್ಲಿ ಐದು ಗಂಟೆಗೆಲ್ಲ ಸೂರ್ಯೋದಯ. ಗಡಿಯಾರ ನಮ್ಮದೇ ಆದರೂ ಸೂರ್ಯ ಪೂರ್ವದವನು. ಸಂಜೆ ಐದೂವರೆಗೆ ಮುಳುಗಿಯೇಬಿಡುತ್ತಾನೆ. ನಾವು ಏಳುವಷ್ಟರಲ್ಲಿ ಅವ್ವ ಬಾಗಿಲ ಹೊರಗೆ ಕುಳಿತಿರುತ್ತಿದ್ದಳು. ಎರಡನೆಯ ದಿನ ನೀರು ಬಹುದೂರ ಸರಿದಿತ್ತು. “ತಮ್ಮಾ, ನೀರ ಎಲ್ಲಿ ಹೋತೋ?” ಎಂದು ಕೂಗಿದಳು. ಬರುತ್ತದೆ, ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ, ಚಂದ್ರನ ಲೆಕ್ಕದಂತೆ ದಿನದಿನವೂ ಸುಮಾರು ಐವತ್ತು ನಿಮಿಷ ತಡವಾಗುತ್ತ ಹೋಗುತ್ತದೆ ಎಂದೆ. ಅವ್ವ ನಂಬದೆ ಕಾದು ಕುಳಿತಳು. ಮಧ್ಯಾಹ್ನದ ಹೊತ್ತಿಗೆ ನೀರು ಮರದ ಬೇರಿಗೆ ಬಂತು.

“ನಮ್ಮ ಡೋಣಿ ಹೊಳಿ ಹೋದ ನೀರ ತಿರುಗಿ ಕೊಡೂದಿಲ್ಲ. ಇದು ಸಾಲಾ ತೀರಸಂವಾ ಇದ್ದಂಗ ಐತಿ ನೋಡ. ತಾಸ ತಡಾ ಮಾಡತೈತಿ, ಖರೆ ಕೊಡತೈತಿ” ಎಂದಳು. ಬೆರಳದ್ದಿ ರುಚಿಯನ್ನೂ ನೋಡಿದಳು. ಡೋಣಿಯ ನೀರೂ ಉಪ್ಪೇ. ಇದು ಅದನ್ನು ಮೀರಿಸಿತೆಂದು ತೀರ್ಪಿತ್ತಳು.

ಸ್ನಾನದ ಮನೆಯಲ್ಲಿ ನೀರನ್ನು ಹಿತಮಿತವಾಗಿ ಬಳಸಬೇಕೆಂಬ ಸೂಚನೆಯಿತ್ತು. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಸುರಿಯುವ ಅಂಡಮಾನಿನಲ್ಲಿಯೂ ಬೇಸಗೆಗೆ ಸಿಹಿನೀರಿನ ಅಭಾವ. ಬಿದ್ದ ಮಳೆಯ ಬಹುಭಾಗ ಕಡಲಿಗೆ ಓಡಿಬಿಡುತ್ತದೆ. ಮಗಳು ಗೊಣಗಿದಳು. ಅವ್ವ ಮಾತ್ರ ಅರ್ಧ ಬಕೀಟಿನಲ್ಲಿ ಸ್ನಾನ ಮುಗಿಸಿ, “ಇಲ್ಲಿ ಮಂದೀನೂ ನಮ್ಮಂಗ ಬಾಳೇ ಮಾಡತಾರ” ಎಂದು ಸಮಾಧಾನಪಟ್ಟಳು.

ದಾರಿಯ ಅಂಗಡಿಯಲ್ಲಿ ಕುಳಿತಿರುತ್ತಿದ್ದ ಬಂಗಾಳಿ ಮುದುಕಿಯೊಬ್ಬಳೊಡನೆ ಅವ್ವನಿಗೆ ಸ್ನೇಹವಾಯಿತು. ಅವ್ವನದು ಕನ್ನಡ, ಆಕೆಯದು ಬಂಗಾಳಿ, ನಡುವೆ ನನ್ನ ಮಗಳ ಹಿಂದಿ. ದೇಶ ವಿಭಜನೆಯಾದ ಮೇಲೆ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರನ್ನು 1950ರ ದಶಕದಲ್ಲಿ ಸರಕಾರ ಈ ದ್ವೀಪದಲ್ಲಿ ನೆಲೆಗೊಳಿಸಿತು. ಗೋವಿಂದನಗರ, ವಿಜಯನಗರ, ರಾಧಾನಗರ ಎಂದು ನಾವು ಕೋಣೆಯ ಬಾಡಿಗೆ ಹೋಲಿಸುತ್ತಿದ್ದ ಹೆಸರುಗಳೆಲ್ಲ ಅವರು ಕಾಡು ಕಡಿದು ಬಾಳಿದ ಹಳ್ಳಿಗಳವು. “ಈ ಜಾಗಾ ನೀವ ಆರಿಸಿದ್ರೇನು?” ಎಂದು ಅವ್ವ ಕೇಳಿಸಿದಳು. ಮುದುಕಿ ನಕ್ಕಳು, ಕೊಟ್ಟ ಕಡೆ ತಂದೆ ಇಳಿದರಂತೆ. ಅವ್ವನ ಮುಖ ಗಂಭೀರವಾಯಿತು. ಅವಳ ಅಕ್ಕನನ್ನು ಕೊಟ್ಟದ್ದು ಕೊಲ್ಹಾರಕ್ಕೆ. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಕೊಲ್ಹಾರ ಮುಳುಗಿದಾಗ ಅವರೂ ಕೊಟ್ಟ ಕಡೆಗೆ ಹೋದವರೇ. ಇಬ್ಬರು ಮುದುಕಿಯರೂ ಸ್ವಲ್ಪ ಹೊತ್ತು ಏನೂ ಆಡಲಿಲ್ಲ. ಭಾಷಾಂತರದ ಅಗತ್ಯ ಬೀಳಲಿಲ್ಲ.

ಒಂದು ಸಂಜೆ ರಾಧಾನಗರಕ್ಕೂ ಹೋಗಿ ಸೂರ್ಯಾಸ್ತ ನೋಡಿ ಬಂದೆವು. ಮಗಳ ಹಟವೂ ಸಾರ್ಥಕವಾಯಿತು. ಕೊನೆಯ ದಿನ ಪಟ್ಟಣದಲ್ಲಿ, 1896ರಲ್ಲಿ ಆರಂಭಿಸಿ 1906ರಲ್ಲಿ ಕಟ್ಟಿ ಮುಗಿಸಿದ ಸೆಲ್ಯುಲರ್ ಜೈಲನ್ನು ಕಂಡೆವು. ಕಡಲಿನ ನಡುವೆ ಇದ್ದೂ ಬಾಗಿಲು ತೆರೆದು ಕಡಲನ್ನು ನೋಡುವ ಸ್ವಾತಂತ್ರ್ಯವಿಲ್ಲದವರ ಕೋಣೆಗಳು ಅವು. ಅವ್ವ ಒಂದು ಕೋಣೆಯ ಹೊಸ್ತಿಲ ಬಳಿ ಬಹಳ ಹೊತ್ತು ನಿಂತಳು.

ದ್ವೀಪಕ್ಕೆ ಹೊರಡುವವರು ಈಗ ನನ್ನನ್ನು ಸಲಹೆ ಕೇಳುತ್ತಾರೆ. ಎರಡೇ ದಿನವಿದ್ದರೆ ಪಟ್ಟಣ ಬಿಡಬೇಡಿ. ಈಜುವ ಮಕ್ಕಳಿದ್ದರೆ ರಾಧಾನಗರಕ್ಕೆ ಮನಸ್ಸು ಕೊಡಿ. ಗದ್ದಲ ಬೇಡವಾದರೆ ಶಹೀದ್ ದ್ವೀಪವಿದೆ. ಹಿರಿಯರಿದ್ದರೆ ಮೆಟ್ಟಿಲು ಎಷ್ಟೆಂದು ಮೊದಲು ಕೇಳಿ, ಬಾಡಿಗೆಯನ್ನು ಆಮೇಲೆ ಕೇಳಿ ಎನ್ನುತ್ತೇನೆ. ಎಲ್ಲಕ್ಕಿಂತ ಮುಂಚೆ, ಯಾರಿಗಾಗಿ ಹೊರಟಿದ್ದೀರೋ ಅವರನ್ನು ಒಂದು ಮಾತು ಕೇಳಿರಿ. ಜೀವನದಲ್ಲಿ ಇರುವ ಜಾಗವನ್ನು ತಾವಾಗಿ ಆರಿಸಿಕೊಳ್ಳುವ ಭಾಗ್ಯ ಎಲ್ಲರಿಗೂ ಒದಗುವುದಿಲ್ಲ. ನಾಲ್ಕು ದಿನದ ಮಟ್ಟಿಗಾದರೂ ಅದು ಅವರಿಗೆ ದೊರೆಯಲಿ.